ಒಣಗಿದ ಕೆರೆ ಸತ್ತ ಕೆರೆಯಲ್ಲ: ಕೋಲಾರದ ಕಡೆ ಸೈಟು ಕೊಳ್ಳುವ ಮುನ್ನ

ಗಲ್ಫಿನಲ್ಲಿ ಹತ್ತು ಹದಿನೈದು ವರ್ಷ ದುಡಿದ ಹಣ, ಉಮ್ಮನ ಚಿನ್ನ, ಬೆಂಗಳೂರಿನ ಅಂಗಡಿಯ ಉಳಿತಾಯ. ಎಲ್ಲ ಕೂಡಿಸಿದರೂ ಬೆಂಗಳೂರಿನೊಳಗೆ ಸೈಟು ಕೈಗೆಟಕುವುದಿಲ್ಲ. ಆಗ ಬ್ರೋಕರ್ ಕರೆದುಕೊಂಡು ಹೋಗುವುದು ಮಾಲೂರು, ನರಸಾಪುರ, ಕೋಲಾರದ ಕಡೆಗೆ. ಹೈವೇ ಹತ್ತಿರ ಉಂಟು, ಫ್ಯಾಕ್ಟರಿಗಳು ಬಂದಿವೆ, ನೆಲ ಸಮತಟ್ಟು. ನಮ್ಮೂರಿನ ಹಾಗೆ ಗುಡ್ಡ ಕಡಿಯಬೇಕಾಗಿಲ್ಲ, ತಡೆಗೋಡೆ ಕಟ್ಟಬೇಕಾಗಿಲ್ಲ. ಇನ್ನೇನು ಬೇಕು ಎಂದು ಅಡ್ವಾನ್ಸ್ ಕೊಟ್ಟು ಬಿಡುತ್ತೇವೆ.

ಗುಡ್ಡದ ಅಪಾಯ ನಮಗೆ ಗೊತ್ತು. 2020ರ ಜುಲೈ 5ರಂದು ಗುರುಪುರದ ಬಂಗ್ಲೆಗುಡ್ಡೆಯಲ್ಲಿ ಗುಡ್ಡ ಜರಿದು ಇಬ್ಬರು ಮಕ್ಕಳು ಮಣ್ಣಿನಡಿ ಜೀವ ಬಿಟ್ಟದ್ದನ್ನು ಮರೆತವರಿಲ್ಲ. ಆದರೆ ಬಯಲುಸೀಮೆಯ ಅಪಾಯ ಕಣ್ಣಿಗೆ ಬೀಳುವುದಿಲ್ಲ. ಅದು ಬತ್ತಿದ ಕೆರೆಯಲ್ಲಿ, ಹುಲ್ಲು ಮುಚ್ಚಿದ ಕಾಲುವೆಯಲ್ಲಿ ಮಲಗಿರುತ್ತದೆ.

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಹಾಗಾಗಿ ಹಿಂದಿನವರು ಊರೂರಿಗೆ ಕೆರೆ ಕಟ್ಟಿ, ಒಂದು ಕೆರೆಯ ಕೋಡಿ ನೀರು ಮುಂದಿನ ಕೆರೆಗೆ ಹೋಗುವಂತೆ ರಾಜಕಾಲುವೆ ತೆಗೆದರು. ಮಳೆ ಕೈಕೊಟ್ಟ ವರ್ಷಗಳಲ್ಲಿ ಕೆರೆ ಬತ್ತಿ ಜಾಲಿ ಬೆಳೆಯಿತು, ಕಾಲುವೆ ಹೂತು ಹೋಯಿತು. ನೋಡಿದವರಿಗೆ ಖಾಲಿ ಜಾಗ. ಆದರೆ 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಅಲ್ಲಿಂದ ಒಂದರ ಹಿಂದೆ ಒಂದು ಕೆರೆ ತುಂಬತೊಡಗಿತು. 2021ರ ನವೆಂಬರ್ ಮಳೆಗೆ ಎಷ್ಟೋ ಕೆರೆಗಳು ಕೋಡಿ ಹರಿದವು. ದಾರಿಯಲ್ಲಿ ಮನೆ ಉಂಟಾ, ಲೇಔಟ್ ಉಂಟಾ ಅಂತ ನೀರು ಕೇಳುವುದಿಲ್ಲ ಮಾರಾಯ್ರೆ.

ಕಾನೂನು ಏನು ಹೇಳುತ್ತದೆ? 2014ರ ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ ಕೆರೆಯ ಅಂಚಿನಿಂದ 30 ಮೀಟರ್ ಒಳಗೆ ಕಟ್ಟಡ ಕೂಡದು ಎಂದಿತು. ಬೆಂಗಳೂರಿನ ಕೆರೆಗಳಿಗೆ ಹಸಿರು ನ್ಯಾಯಮಂಡಳಿ 2016ರಲ್ಲಿ 75 ಮೀಟರ್ ಎಂದಿದ್ದನ್ನು ಸುಪ್ರೀಂ ಕೋರ್ಟ್ 2019ರಲ್ಲಿ ರದ್ದು ಮಾಡಿತು. ಕೆರೆಯ ವಿಸ್ತೀರ್ಣ ನೋಡಿ ಅಂತರ ಕಡಿಮೆ ಮಾಡುವ ತಿದ್ದುಪಡಿ ಮಸೂದೆ 2025ರಲ್ಲಿ ವಿಧಾನಮಂಡಲದ ಮುಂದೆ ಬಂತು. ನಿಯಮ ಹೀಗೆ ಬದಲಾಗುವಾಗ ಬ್ರೋಕರ್ ಬಾಯಿಲೆಕ್ಕ ನಂಬಬಾರದು. ಕೊಳ್ಳುವ ದಿನ ಯಾವುದು ಜಾರಿಯಲ್ಲಿದೆ ಎಂದು ಆಯಾ ಯೋಜನಾ ಪ್ರಾಧಿಕಾರದಲ್ಲೇ ಕೇಳಬೇಕು.

"ರಿಜಿಸ್ಟ್ರೇಷನ್ ಆಯ್ತಲ್ಲ, ಇಸಿ ಕ್ಲಿಯರ್ ಉಂಟಲ್ಲ" ಎನ್ನುವವರಿದ್ದಾರೆ. ಇಸಿಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಸೈಟಿನ ನಡುವೆ ಹಳ್ಳ ಹಾದುಹೋಗಿದೆಯೇ ಎಂದು ಅದು ಹೇಳುವುದಿಲ್ಲ. ಅದಕ್ಕೆ ಗ್ರಾಮ ನಕ್ಷೆ ಬೇಕು. ಮೊಬೈಲಿನಲ್ಲಿ ಸರ್ಕಾರದ ದಿಶಾಂಕ್ ಆ್ಯಪ್ ಹಾಕಿಕೊಂಡು ಜಾಗದಲ್ಲೇ ನಿಂತರೆ ಸರ್ವೆ ನಂಬರು ಸಿಗುತ್ತದೆ. ಪಹಣಿಯಲ್ಲಿ ಖರಾಬು ಎಷ್ಟಿದೆ ನೋಡಿ. 'ಬಿ' ಖರಾಬು ಎಂದರೆ ದಾರಿ, ಹಳ್ಳ, ಕೆರೆಯಂತಹ ಸಾರ್ವಜನಿಕ ಜಾಗ. ಅದನ್ನು ಮಾರುವ ಹಕ್ಕು ಯಾರಿಗೂ ಇಲ್ಲ. ಶ್ರೀನಿವಾಸಪುರದ ಮಾವಿನ ತೋಪು ಕಡಿದು ಮಾಡಿದ ಸೈಟಾದರೆ ಭೂಪರಿವರ್ತನೆ ಆದೇಶವನ್ನೂ ಲೇಔಟ್ ಮಂಜೂರಾತಿಯನ್ನೂ ಕೇಳಿ.

ನೆಲವನ್ನೂ ವಿಚಾರಿಸಿ. ಮಾಲೂರು ಹೆಂಚು, ಇಟ್ಟಿಗೆಗೆ ಹೆಸರಾದ ಊರು. ಮಣ್ಣು ತೆಗೆದ ಗುಂಡಿಗೆ ಮೇಲುಮಣ್ಣು ತುಂಬಿಸಿ ಸಮ ಮಾಡಿದ್ದರೆ ಗೋಡೆ ಬಿರುಕು ಬಿಡುವುದು ಕಟ್ಟಿದ ಮೇಲೆಯೇ. ಮುಳಬಾಗಿಲಿನ ಬಂಡೆಗುಡ್ಡದ ಬುಡದಲ್ಲಾದರೆ ತಲೆ ಎತ್ತಿ ಮೇಲೆಯೂ ನೋಡಿ.

ಕೊನೆಯ ಮಾತು. ನಮ್ಮಲ್ಲಿ ಜೂನ್, ಜುಲೈ ಮಳೆಯಾದರೆ ಕೋಲಾರದಲ್ಲಿ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಜೂನಿನಲ್ಲಿ ಹೋಗಿ "ನೀರೇ ಇಲ್ಲ" ಎಂದು ಬರಬೇಡಿ. ಅಕ್ಟೋಬರಿನ ಮಳೆ ಬಿದ್ದ ಮರುದಿನ ಹೋಗಿ, ಊರಿನ ಹಿರಿಯರೊಬ್ಬರ ಬಳಿ ಕೂತು "ಇಲ್ಲಿ ಮೊದಲು ಏನಿತ್ತು?" ಎಂದು ಕೇಳಿ. ಅಡ್ವಾನ್ಸ್ ಅದಾದ ಮೇಲೆ ಕೊಟ್ಟರಾಯಿತು.