ಪರೀಕ್ಷಾಫಲವೂ ಪೂರ್ವಸಂಭಾವ್ಯತೆಯೂ: ರೋಗನಿರ್ಣಯದ ಬೋಧನೆಯಲ್ಲಿ ಒಂದು ವಿಚಾರ

ರೋಗನಿರ್ಣಯವು ಕೇವಲ ಜ್ಞಾಪಕಶಕ್ತಿಯ ಕಾರ್ಯವಲ್ಲ. ಅನಿಶ್ಚಿತವಾದ ಆಧಾರಗಳಿಂದ ಯುಕ್ತವಾದ ತೀರ್ಮಾನಕ್ಕೆ ಬರುವ ತರ್ಕವದು. ರೋಗಲಕ್ಷಣಗಳೆಲ್ಲವನ್ನೂ ಕಂಠಪಾಠ ಮಾಡಿದವನೂ ಈ ತರ್ಕದಲ್ಲಿ ಎಡವುವುದುಂಟು.

ಅಮೆರಿಕದ ಹಾರ್ವರ್ಡ್ ವೈದ್ಯವಿದ್ಯಾಲಯದ ಬೋಧನಾಸ್ಪತ್ರೆಗಳಲ್ಲಿ ಕ್ಯಾಸೆಲ್ಸ್ ಮತ್ತು ಸಂಗಡಿಗರು ನಡೆಸಿ, 1978ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದಕ್ಕೆ ಉತ್ತಮ ನಿದರ್ಶನ. ಸಾವಿರದಲ್ಲಿ ಒಬ್ಬನಿಗೆ ಇರುವ ರೋಗವೊಂದನ್ನು ಪತ್ತೆಮಾಡುವ ಪರೀಕ್ಷೆಯು, ರೋಗವಿಲ್ಲದವರಲ್ಲಿಯೂ ಶೇಕಡಾ 5 ಮಂದಿಗೆ ರೋಗವಿದೆಯೆಂದು ತೋರಿಸುತ್ತದೆ. ಲಕ್ಷಣಗಳಾವುವೂ ತಿಳಿಯದ ಒಬ್ಬನಲ್ಲಿ ಪರೀಕ್ಷೆಯು ರೋಗವನ್ನು ಸೂಚಿಸಿದರೆ, ಅವನಿಗೆ ನಿಜವಾಗಿಯೂ ರೋಗವಿರುವ ಸಂಭಾವ್ಯತೆ ಎಷ್ಟು? ವೈದ್ಯರೂ ವಿದ್ಯಾರ್ಥಿಗಳೂ ಸೇರಿ 60 ಮಂದಿಯಲ್ಲಿ 11 ಮಂದಿ ಮಾತ್ರ ಸರಿಯಾದ ಉತ್ತರವನ್ನಿತ್ತರು. ಹೆಚ್ಚಾಗಿ ಬಂದ ಉತ್ತರ ಶೇಕಡಾ 95.

ರೋಗವಿದ್ದವನನ್ನು ಪರೀಕ್ಷೆಯು ತಪ್ಪದೆ ಗುರುತಿಸುವುದೆಂದು ಭಾವಿಸಿ, ಸಾವಿರ ಮಂದಿಯನ್ನು ಎಣಿಸಿ ನೋಡೋಣ. ರೋಗಿಯೊಬ್ಬ, ಉಳಿದ 999 ಮಂದಿಯಲ್ಲಿ ಸುಮಾರು 50 ಮಂದಿಗೆ ಸುಳ್ಳು ಸೂಚನೆ. ರೋಗವಿದೆಯೆಂದು ತೋರಿದ 51 ಮಂದಿಯಲ್ಲಿ ನಿಜವಾದ ರೋಗಿ ಒಬ್ಬನೇ. ಎಂದರೆ ಸಂಭಾವ್ಯತೆ ಶೇಕಡಾ 2ರಷ್ಟು. ಮಿಕ್ಕ ಐವತ್ತು ಮಂದಿ ಆರೋಗ್ಯವಂತರು ನಿಷ್ಕಾರಣವಾಗಿ ಭೀತಿಗೂ ಚಿಕಿತ್ಸೆಗೂ ಗುರಿಯಾಗಬಹುದು.

ಇದೇ ಪರೀಕ್ಷೆಯನ್ನು ಬೇರೊಂದು ಸಂದರ್ಭದಲ್ಲಿ ನೋಡೋಣ. ರೋಗವೃತ್ತಾಂತವನ್ನು ಕೇಳಿ, ದೇಹವನ್ನು ಪರೀಕ್ಷಿಸಿದ ಮೇಲೆ ರೋಗವಿರುವ ಸಂಭವವು ಅರ್ಧಕ್ಕರ್ಧವೆಂದು ತೋರಿದವರಿಗೆ ಮಾತ್ರ ಅದನ್ನು ಮಾಡಿದರೆ, ಸಾವಿರದಲ್ಲಿ 500 ಮಂದಿಗೆ ನಿಜವಾದ ಸೂಚನೆ, 25 ಮಂದಿಗೆ ಸುಳ್ಳು ಸೂಚನೆ. ಈಗ ಶೇಕಡಾ 95 ಎಂಬ ಉತ್ತರವೇ ಸರಿ! ಬದಲಾದುದು ಪರೀಕ್ಷೆಯಲ್ಲ, ಅದಕ್ಕೆ ಮೊದಲಿದ್ದ ಸಂಭಾವ್ಯತೆ. 1763ರಲ್ಲಿ ಪ್ರಕಟವಾದ ಥಾಮಸ್ ಬೇಯ್ಸನ ಪ್ರಬಂಧದಿಂದ ಬೆಳೆದುಬಂದ ಗಣಿತತತ್ತ್ವದ ಸಾರವಿದು.

ಬೋಧಕರು ಇದರಿಂದ ಎರಡು ವಿಧಾನಗಳನ್ನು ಗ್ರಹಿಸಬಹುದು. ಮೊದಲನೆಯದು, ಶೇಕಡಾವಾರು ಸಂಖ್ಯೆಗಳಿಗೆ ಬದಲಾಗಿ ತಲೆಯೆಣಿಕೆಯಿಂದ ಲೆಕ್ಕವನ್ನು ಕಲಿಸುವುದು. ಹೀಗೆ ನಿರೂಪಿಸಿದಾಗ ಸರಿಯುತ್ತರಗಳು ಹೆಚ್ಚುವುವೆಂದು ಗಿಗೆರೆಂಜರ್ ಮತ್ತು ಹೊಫ್ರಾಗೆ 1995ರಲ್ಲಿ ತೋರಿಸಿದರು. ಎರಡನೆಯದು, ಪರೀಕ್ಷೆಯ ವರದಿ ಬರುವುದಕ್ಕೆ ಮೊದಲೇ ವಿದ್ಯಾರ್ಥಿಯು ತನ್ನ ಊಹೆಯನ್ನೂ ಅದರ ಸಂಭಾವ್ಯತೆಯನ್ನೂ ಬರೆದಿಡುವಂತೆ ಮಾಡುವುದು. ವರದಿಯನ್ನು ನೋಡಿದ ಮೇಲೆ ಹುಟ್ಟುವ ಊಹೆಯು ವರದಿಯ ನೆರಳಷ್ಟೆ. ಅದರಿಂದ ವರದಿಯನ್ನು ಅಳೆಯಲಾಗದು.

ಯಂತ್ರಸಾಧನಗಳು ಹೆಚ್ಚಿದಷ್ಟೂ ರೋಗಿಯ ಬಳಿ ಕುಳಿತು ವಿಚಾರಿಸುವ ಕ್ರಮವು ಅನಾವಶ್ಯಕವಾಗುವುದೆಂಬ ಭಾವನೆಯುಂಟು. ಮೇಲಿನ ಲೆಕ್ಕವು ಇದಕ್ಕೆ ವಿರುದ್ಧವಾದುದನ್ನೇ ಸಾರುತ್ತದೆ: ಪರೀಕ್ಷಾಫಲಕ್ಕೆ ಅರ್ಥವನ್ನು ಕೊಡುವುದು ಆ ವಿಚಾರಣೆಯೇ.