ಕಾರಿನ ಮೇಲೆ ಬೆಲ್ಲದ ಪಾಕ

ಜೂನ್ ಬಂತೆಂದರೆ ಬರ್ಮಿಂಗ್‌ಹ್ಯಾಮ್, ಲೀಡ್ಸ್, ಮ್ಯಾಂಚೆಸ್ಟರುಗಳ ಹಳೆಯ ಬೀದಿಗಳಲ್ಲಿ ಕಾರು ನಿಲ್ಲಿಸುವ ನಮ್ಮ ಬಂಧುಗಳದು ಒಂದೇ ದೂರು. ಸಂಜೆ ತೊಳೆದಿಟ್ಟ ಕಾರು ಬೆಳಗಾಗುವಷ್ಟರಲ್ಲಿ ಬೆಲ್ಲದ ಪಾಕ ಎರಚಿದಂತೆ ಅಂಟಂಟು! ಎಲ್ಲರೂ ಮರವನ್ನು ಬಯ್ಯುತ್ತಾರೆ. ಪಾಪ, ಮರ ನಿರಪರಾಧಿ. ಬೀದಿಬದಿಯ ಲೈಮ್ ಮರ (ಹೆಸರು ಕೇಳಿ ನಿಂಬೆಹಣ್ಣು ಹುಡುಕಬೇಡಿ, ಅದರ ಕುಲವೇ ಬೇರೆ), ಸಿಕಮೋರ್ ಮರಗಳ ಎಲೆಯಡಿ ಕುಳಿತ ಸಸ್ಯಹೇನುಗಳ ಕೆಲಸವಿದು.

ನಾವು ಪ್ರಯೋಗಾಲಯದಲ್ಲಿ ಹೊಟ್ಟೆ ಹೊರೆಯುವವರಾದ್ದರಿಂದ ಇದರ ರಸಾಯನವನ್ನು ಸ್ವಲ್ಪ ಹೇಳದೆ ಬಿಡಲಾರೆವು. ಹೇನು ಸೂಜಿಯಂಥ ಬಾಯಿಂದ ಎಲೆಯ ನರದ ರಸ ಹೀರುತ್ತದೆ. ಆ ರಸದಲ್ಲಿ ಸಕ್ಕರೆ ಹೇರಳ. ಮೈ ಬೆಳೆಯಲು ಬೇಕಾದ ಅಮೈನೋ ಆಮ್ಲ ಅತ್ಯಲ್ಪ. ಆ ಅಲ್ಪಕ್ಕಾಗಿ ಒಂದೇ ಸಮನೆ ಕುಡಿದು, ಮಿಕ್ಕ ಸಕ್ಕರೆಯನ್ನು ಹಿಂದಿನಿಂದ ಹನಿಹನಿಯಾಗಿ ಬಿಡುತ್ತದೆ. ಊರಿನಲ್ಲಿ ಮಾವು ಹೂ ಬಿಟ್ಟಾಗ ಜಿಗಿಹುಳು ಎಲೆಗೆ ಬಳಿಯುವ ಅಂಟೂ ಇದೇ ಬಗೆಯದು. ಅದರ ಮೇಲೆ ಮಸಿಯಂತೆ ಕಪ್ಪು ಬೂಷ್ಟು ಹಿಡಿಯುವುದನ್ನು ಹಲವರು ನೋಡಿರಬಹುದು.

ಸಕ್ಕರೆಯಾದ್ದರಿಂದ ಉಗುರುಬೆಚ್ಚನೆಯ ನೀರಿಗೆ ಕರಗುತ್ತದೆ. ಪೆಟ್ರೋಲು, ಥಿನ್ನರ್ ಹಚ್ಚಬೇಡಿ. ಅವುಗಳಲ್ಲಿ ಸಕ್ಕರೆ ಕರಗದು, ಬಣ್ಣ ಮಾತ್ರ ಕೆಟ್ಟೀತು. ಒದ್ದೆ ಬಟ್ಟೆಯನ್ನು ಹತ್ತು ನಿಮಿಷ ಹೊದಿಸಿಟ್ಟು, ಆಮೇಲೆ ಕಾರ್ ಶಾಂಪೂ ಹಾಕಿ ತೊಳೆಯಿರಿ. ಒಣಗಿದ್ದನ್ನು ಹಾಗೆಯೇ ಉಜ್ಜಿದರೆ ಅಂಟಿದ ಧೂಳು ಉಪ್ಪುಕಾಗದದಂತೆ ಗೀರುತ್ತದೆ.

ಹಿತ್ತಲಿನ ಮಾತು ಇದಕ್ಕಿಂತ ದೊಡ್ಡದು. ಮೆಂತ್ಯ, ಬ್ರಾಡ್ ಬೀನ್ಸ್ ಬೆಳೆಯುವ ಕೆಲವರು ಊರಿನ ರೂಢಿಯಂತೆ ತಂಬಾಕಿನ ಕಷಾಯ ಕಾಯಿಸಿ ಹೊಡೆಯುತ್ತಾರೆಂದು ಕೇಳಿದ್ದೇವೆ. ದಯವಿಟ್ಟು ಬೇಡ. ನಿಕೋಟಿನ್ ಚರ್ಮದ ಮೂಲಕವೇ ಮೈ ಸೇರುವ ವಿಷ. ಮಕ್ಕಳು ಓಡಾಡುವ, ಸಾರಿಗೆ ಸೊಪ್ಪು ಕೊಯ್ಯುವ ಮಡಿಗೆ ಅದನ್ನು ಸುರಿಯುವುದೇ? ಮನೆಯಲ್ಲಿ ಕುದಿಸಿದ ಕೀಟನಾಶಕವನ್ನು ಇಲ್ಲಿನ ಕಾನೂನೂ ಒಪ್ಪುವುದಿಲ್ಲ. ಬೀನ್ಸ್ ಕುಡಿಗೆ ಕರಿಹೇನು ಮುತ್ತಿದರೆ, ಕಾಯಿ ಕಚ್ಚಲು ತೊಡಗಿದ ಮೇಲೆ ಕುಡಿಯನ್ನೇ ಚಿವುಟಿಹಾಕಿ. ಉಳಿದ ಗಿಡಗಳಿಗೆ ಬೆರಳು, ನೀರಿನ ಪೈಪು ಸಾಕು.

ವಿಷ ಹೊಡೆದರೆ ಲಾಭ ಹೇನಿಗೇ. ಬೇಸಿಗೆಯಲ್ಲಿ ಹೆಣ್ಣುಹೇನಿಗೆ ಗಂಡಿನ ಹಂಗಿಲ್ಲ. ಮೊಟ್ಟೆಯಿಡದೆ ಮರಿಯನ್ನೇ ಹಾಕುತ್ತದೆ, ಆ ಮರಿಯ ಹೊಟ್ಟೆಯಲ್ಲಿ ಆಗಲೇ ಮುಂದಿನ ಮರಿ! ನಾಲ್ಕು ಹೇನು ಬದುಕುಳಿದರೂ ಕೆಲವೇ ವಾರಗಳಲ್ಲಿ ಗಿಡ ತುಂಬುತ್ತದೆ. ಅದನ್ನು ತಿನ್ನುವ ಗುಲಗಂಜಿ ಹುಳುವಿಗೆ ಆ ಚಮತ್ಕಾರ ಬಾರದು. 2002ರಲ್ಲಿ ಮಹಾರಾಷ್ಟ್ರ, ಕರ್ನಾಟಕಗಳ ಕಬ್ಬಿಗೆ ಬಿಳಿ ಉಣ್ಣೆ ಹೇನು ಬಿದ್ದು ರೈತರು ಕಂಗೆಟ್ಟಾಗ, ಅದನ್ನು ಹತೋಟಿಗೆ ತರಲು ಬಹಳವಾಗಿ ನೆರವಾದದ್ದು ಡೈಫಾ ಎಂಬ ಪತಂಗದ ಮರಿಹುಳು ಮುಂತಾದ ಹೇನುಭಕ್ಷಕರೇ.

ಗುಲಗಂಜಿ ಹುಳುವನ್ನು ಮಕ್ಕಳೂ ಗುರುತಿಸುತ್ತಾರೆ. ಅದರ ಮರಿಯ ಗುರುತು ದೊಡ್ಡವರಿಗೇ ಇಲ್ಲ. ಬೂದುಗಪ್ಪು ಮೈ, ಕಿತ್ತಳೆ ಮಚ್ಚೆ, ಪುಟ್ಟ ಮೊಸಳೆಯ ಆಕಾರ, ನೋಡಿದರೆ ಹೇಸಿಗೆ. ಹೇನಿರುವ ಎಲೆಯ ಮೇಲೆ ಅಂಥದ್ದು ಕಂಡರೆ ಹೊಸಕಬೇಡಿ, ಅಲ್ಲೇ ಬಿಡಿ.