ತಟ್ಟೆ ಇಡ್ಲಿ, ಕರುಳು, ಕಿಡ್ನಿ

ತುಮಕೂರಿನ ಕ್ಯಾತ್ಸಂದ್ರದಲ್ಲಿ ಬಿಸಿ ತಟ್ಟೆ ಇಡ್ಲಿ, ಮೇಲೊಂದು ಮುದ್ದೆ ಬೆಣ್ಣೆ. ಇಡ್ಲಿಯ ಉದ್ದಿನಬೇಳೆಯಲ್ಲಿ ಟ್ರಿಪ್ಟೊಫಾನ್ ಅನ್ನೋ ಅಮೈನೋ ಆಮ್ಲ ಇದೆ. ಹೊಟ್ಟೆಗಿಳಿದ ಮೇಲೆ ಏನಾಗುತ್ತೆ?

ಸ್ವಲ್ಪ ಭಾಗ ಸೆರೊಟೋನಿನ್ ಆಗುತ್ತೆ. ಮಿದುಳಿನ ರಾಸಾಯನಿಕ ಅಂತ ಹೆಸರು ಮಾತ್ರ, ದೇಹದ ಸುಮಾರು 90% ಸೆರೊಟೋನಿನ್ ಹುಟ್ಟೋದು ಕರುಳಲ್ಲೇ! ಅಲ್ಲಿನ ರೋಗನಿರೋಧಕ ಕೋಶಗಳೂ ಇದಕ್ಕೆ ಸ್ಪಂದಿಸುತ್ತವೆ.

ಇನ್ನು ಸ್ವಲ್ಪ ಬ್ಯಾಕ್ಟೀರಿಯಾ ಪಾಲು. ಅವು ಅದನ್ನ ಇಂಡೋಲ್ ಮಾಡ್ತವೆ, ಲಿವರ್ ಅದನ್ನೇ ಇಂಡಾಕ್ಸಿಲ್ ಸಲ್ಫೇಟ್ ಮಾಡುತ್ತೆ. ಕಿಡ್ನಿ ಗಟ್ಟಿಯಿದ್ದರೆ ಮೂತ್ರದಲ್ಲಿ ಹೊರಗೆ. ಸೋತಿದ್ದರೆ ರಕ್ತದಲ್ಲೇ ಉಳಿದು, ಉರಿಯೂತ ಎಬ್ಬಿಸಿ ಕಿಡ್ನಿ, ರಕ್ತನಾಳ ಎರಡನ್ನೂ ಕೆಡಿಸುತ್ತೆ. ಪ್ರೋಟೀನಿಗೆ ಅಂಟಿಕೊಳ್ಳೋದರಿಂದ ಡಯಾಲಿಸಿಸ್‌ಗೂ ಪೂರ್ತಿ ಸಿಗಲ್ಲ, ಕಿಲಾಡಿ!

ಉರಿಯೂತಕ್ಕೆ ಬ್ರೇಕೂ ಇದೆ: ಮಿದುಳಿಂದ ಹೊಟ್ಟೆವರೆಗೆ ಇಳಿಯೋ ವೇಗಸ್ ನರ. ಅದರ ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕ ಉರಿಯೂತ ತಗ್ಗಿಸುತ್ತೆ ಅಂತ ವಿಜ್ಞಾನಿ ಕೆವಿನ್ ಟ್ರೇಸಿ ತಂಡ 2000ದಲ್ಲಿ ಇಲಿಗಳಲ್ಲಿ ತೋರಿಸಿತು. ಆಮೇಲೆ ಈ ನರ ಚುರುಕುಗೊಳಿಸಿದಾಗ ಇಲಿಗಳ ಕಿಡ್ನಿಗೆ ಪೆಟ್ಟು ಕಡಿಮೆಯಾಗಿದ್ದೂ ಕಂಡಿತು. ಮನುಷ್ಯರ ಕಿಡ್ನಿಗೆ ಇದಿನ್ನೂ ಚಿಕಿತ್ಸೆಯಾಗಿ ಬಂದಿಲ್ಲ. ಯಾರಾದ್ರೂ ಮಾರೋಕೆ ಬಂದರೆ ನಂಬಬೇಡಿ.

ಇಂಡಾಕ್ಸಿಲ್ ಸಲ್ಫೇಟ್ ಭಯಕ್ಕೆ ಇಡ್ಲಿ ಬಿಡಬೇಕಿಲ್ಲ. ಗುಬ್ಬಿ, ಕುಣಿಗಲ್, ತುಮಕೂರು, ಎಲ್ಲೇ ಇರಿ, ಶುಗರ್ ಅಥವಾ ಬಿಪಿ ಇದ್ದರೆ ಕಿಡ್ನಿ ಹೇಗಿದೆ ಅಂತ ನೋಡೋಕೆ ವರ್ಷಕ್ಕೊಮ್ಮೆಯಾದ್ರೂ ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಆಲ್ಬುಮಿನ್ ಪರೀಕ್ಷೆ ಮಾಡಿಸಿ. ಮಂಡಿನೋವಿಗೆ ಮೆಡಿಕಲ್ ಶಾಪಿಂದ ನೀವೇ ತಗೊಳ್ಳೋ ಮಾತ್ರೆ ಕಿಡ್ನಿಗೆ ಪೆಟ್ಟು ಕೊಡಬಹುದು, ಅದರ ಬಗ್ಗೆನೂ ಡಾಕ್ಟರ್‌ಗೆ ಹೇಳಿ.